ಬಿಸಿ ರೊಟ್ಟಿ ಆರದಷ್ಟು ದೂರ

ನಿವೃತ್ತಿಯ ದಿನ ಹತ್ತಿರವಾದಂತೆ ಅನೇಕರ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇನ್ನು ಮುಂದೆ ಎಲ್ಲಿ ಇರೋಣ? ಬೆಂಗಳೂರಿನ ಗದ್ದಲ ಸಾಕಾಗಿರುತ್ತದೆ. ಊರ ಕಡೆ ಮಗಳೋ, ತಮ್ಮನೋ, ಅಣ್ಣನ ಮಕ್ಕಳೋ ಇರುತ್ತಾರೆ. ಅವರ ಹತ್ತಿರ, ಒಂದು ಕೆರೆಯ ಪಕ್ಕ, ಚಿಕ್ಕದೊಂದು ಮನೆ ಕಟ್ಟಿಕೊಂಡರೆ ಉಳಿದ ಆಯುಷ್ಯ ನೆಮ್ಮದಿಯಿಂದ ಕಳೆಯುತ್ತದೆ ಎಂಬುದು ಎಲ್ಲರ ಕನಸು.

ಇಂಥದೇ ಕನಸು ಹೊತ್ತ ದಂಪತಿ ಈಚೆಗೆ ನನ್ನ ಬಳಿ ರಕ್ತದೊತ್ತಡ ತೋರಿಸಿಕೊಳ್ಳಲು ಬಂದಿದ್ದರು. ಮೂವತ್ತು ವರ್ಷ ಬೆಂಗಳೂರಿನಲ್ಲಿ ದುಡಿದವರು. ಮಗಳನ್ನು ಕೊಟ್ಟೂರಿಗೆ ಕೊಟ್ಟಿದ್ದಾರೆ. ಊರಾಚೆ, ಕೆರೆಗೆ ಮುಖ ಮಾಡಿದ ನಿವೇಶನವೊಂದನ್ನು ಯಜಮಾನರು ನೋಡಿ ಬಂದಿದ್ದರು. ಮುಂಗಡ ಕೊಡುವುದೊಂದೇ ಬಾಕಿ. ಹೆಂಡತಿ ಮಾತ್ರ ಮೆಲ್ಲಗೆ ಹೇಳಿದರು: ‘ಇವರಿಗೆ ಕೆರಿ ಕಾಣಬೇಕಂತ್ರೀ ಡಾಕ್ಟ್ರೇ, ನನಗ ಮಗಳ ಮನಿ ಕಂಡ್ರ ಸಾಕು.’

ಈ ಜಗಳದಲ್ಲಿ ನಾನು ಆ ತಾಯಿಯ ಪಕ್ಷ. ಏಕೆಂದು ಹೇಳುತ್ತೇನೆ.

ಮೊದಲು ಕೆರೆಯ ಪರವಾಗಿ ಎರಡು ಮಾತು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಸೀಮೆಯಲ್ಲಿ ತುಂಬಿದ ಕೆರೆಗಿಂತ ಕಣ್ಣಿಗೆ ಹಿತವಾದದ್ದು ಬೇರೆ ಇಲ್ಲ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯನ್ನು ಒಮ್ಮೆ ನೋಡಿ ಬನ್ನಿ. ತುಂಗಭದ್ರೆಯ ಹಿನ್ನೀರನ್ನು ಎತ್ತಿ ತುಂಬಿಸುವ ಆ ಕೆರೆಯ ಜಾಲಿ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಮನ್ನಣೆಯೂ ದೊರೆಯಿತು. ಬೆಳಗಿನ ಹೊತ್ತು ನೀರಿನ ಬದಿಯಲ್ಲಿ ಅರ್ಧ ತಾಸು ನಡೆದರೆ ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಒಳ್ಳೆಯದು, ಮನಸ್ಸಿಗೆ ಇನ್ನೂ ಒಳ್ಳೆಯದು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಓದುಗರೇ, ಕೆರೆಗೆ ದಿನಕ್ಕೊಮ್ಮೆ ಹೋಗಿ ಬರಬಹುದು. ಮನೆಯಲ್ಲಿ ಇಪ್ಪತ್ತನಾಲ್ಕು ತಾಸೂ ಇರಬೇಕು.

ಕೆರೆಯ ನೀರು ಬೇರೆ, ನಲ್ಲಿಯ ನೀರು ಬೇರೆ

ಕೆರೆ ಪಕ್ಕದಲ್ಲಿದ್ದರೆ ಕುಡಿಯುವ ನೀರು ಚೆನ್ನಾಗಿರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಊರಾಚೆಯ ಬಡಾವಣೆಗಳಲ್ಲಿ ಬಹುಪಾಲು ನೀರು ಬರುವುದು ಕೊಳವೆಬಾವಿಯಿಂದ. ಆ ನೀರು ಕೆರೆಯ ಪಕ್ಕದಲ್ಲಿ ಸಿಕ್ಕಿದರೂ ನೂರಾರು ಅಡಿ ಕೆಳಗಿನ ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತದ್ದು. ನಮ್ಮ ಭಾಗದ ಕಲ್ಲಿನಲ್ಲಿ ಫ್ಲೋರೈಡ್ ಅಂಶವಿದೆ. ನೀರು ಆಳಕ್ಕಿಳಿದಷ್ಟೂ, ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಕರಗಿ ಬರುತ್ತದೆ. ಹಿಂದಿನ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲೂಕುಗಳಲ್ಲಿ ಕಂದುಗಟ್ಟಿದ ಹಲ್ಲಿನ ಮಕ್ಕಳನ್ನೂ, ಬೆನ್ನು ಬಾಗದ, ಕೀಲು ಮಡಚಲಾಗದ ಹಿರಿಯರನ್ನೂ ನೀವೇ ಕಂಡಿರುತ್ತೀರಿ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದಾಗ 1.5 ಮಿಲಿಗ್ರಾಂ ವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಒಂದೇ ಓಣಿಯ ಎರಡು ಕೊಳವೆಬಾವಿಗಳಲ್ಲಿ ಒಂದರ ನೀರು ಒಳ್ಳೆಯದಿದ್ದು ಇನ್ನೊಂದರದು ಕೆಟ್ಟದ್ದಿರಬಹುದು. ಆದ್ದರಿಂದ ‘ಪಕ್ಕದ ಮನೆಯವರು ಕುಡಿಯುತ್ತಿದ್ದಾರಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ.

‘ಅರವತ್ತು ದಾಟಿದ ನಮಗೆ ಇನ್ನೇನಾದೀತು?’ ಎನ್ನಬೇಡಿ. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮೂತ್ರಪಿಂಡ. ವಯಸ್ಸಾದಂತೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಅದರ ಶಕ್ತಿ ಕುಗ್ಗಿರುತ್ತದೆ. ಉಳಿದದ್ದು ಮೂಳೆಗೆ ಸೇರುತ್ತದೆ. ಮಂಡಿನೋವು, ಬೆನ್ನುನೋವುಗಳನ್ನು ಮುಪ್ಪಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಇನ್ನೊಂದು ಮಾತು: ನೀವು ಮಗಳ ಊರಿಗೆ ಹೋಗುವುದೇ ಮೊಮ್ಮಕ್ಕಳಿಗಾಗಿ. ಶಾಲೆ ಬಿಟ್ಟ ಕೂಡಲೇ ಅವು ನಿಮ್ಮ ಮನೆಗೆ ಓಡಿ ಬಂದು ನಿಮ್ಮ ಹರವಿಯ ನೀರನ್ನೇ ಕುಡಿಯುತ್ತವೆ. ಹಲ್ಲಿನ ಹೊಳಪು ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆಗ ಬಿದ್ದ ಕಂದು ಕಲೆ ಜೀವನಪೂರ್ತಿ ಉಳಿಯುತ್ತದೆ.

ಆದ್ದರಿಂದ ನಿವೇಶನಕ್ಕೆ ಮುಂಗಡ ಕೊಡುವ ಮುನ್ನ ಅಲ್ಲಿನ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ. ಸರ್ಕಾರಿ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆಯಾಗುತ್ತದೆ. 2019ರಲ್ಲಿ ಜಲಜೀವನ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯಿತಿಗಳಿಗೂ ಪರೀಕ್ಷಾ ಪೆಟ್ಟಿಗೆಗಳನ್ನು ಕೊಡಲಾಗಿದೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡಿಸಿ. ಊರಿನಲ್ಲಿ ನದಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಓಣಿಯ ಹೆಂಗಸರನ್ನು ಕೇಳಿ. ಕಚೇರಿಯ ಉತ್ತರಕ್ಕಿಂತ ಅದು ನಿಖರ. ಶುದ್ಧ ನೀರಿನ ಘಟಕವಿದ್ದರೆ ಅದು ನಡೆಯುತ್ತಿದೆಯೇ, ಬಾಗಿಲು ಹಾಕಿದೆಯೇ ಎಂದು ಕಣ್ಣಾರೆ ನೋಡಿ. ಇಪ್ಪತ್ತು ಲೀಟರಿನ ಕ್ಯಾನನ್ನು ಎಪ್ಪತ್ತರ ವಯಸ್ಸಿನಲ್ಲಿ ಯಾರು ಹೊತ್ತು ತರುತ್ತಾರೆ ಎಂಬುದನ್ನೂ ಯೋಚಿಸಿ.

ಸೊಳ್ಳೆ, ಏರಿ, ಗುಂಡಿ

ಕೆರೆಯಿದ್ದಲ್ಲಿ ಸೊಳ್ಳೆ ಎಂಬುದು ಅರ್ಧ ಸತ್ಯ. ಮೀನಿರುವ, ಅಲೆಯಾಡುವ ಶುದ್ಧ ಕೆರೆಯಲ್ಲಿ ಸೊಳ್ಳೆ ಕಡಿಮೆ. ಊರಿನ ಚರಂಡಿ ಬಂದು ಸೇರುವ, ಜೊಂಡು ಬೆಳೆದ ಅಂಚಿನಲ್ಲಿ ಹೆಚ್ಚು. ಆದರೆ ಡೆಂಗಿ ಹರಡುವ ಸೊಳ್ಳೆ ಕೆರೆಯದಲ್ಲ, ನಿಮ್ಮ ಮನೆಯದೇ. ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ತೊಟ್ಟಿ, ಡ್ರಮ್ಮು, ಹಂಡೆಗಳಲ್ಲಿ ತುಂಬಿಡುತ್ತೀರಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ಉಜ್ಜಿ, ಒಣಗಿಸಿ. ಬಿಗಿಯಾದ ಮುಚ್ಚಳ ಹಾಕಿ.

ಕೆರೆಯ ಏರಿಯ ಮೇಲಿನ ನಡಿಗೆ ಸೊಗಸು, ಆದರೆ ಬಳ್ಳಾರಿ ಜಾಲಿ ಬೆಳೆದು ಕಿರಿದಾದ ಏರಿ ಹಿರಿಯರಿಗೆ ಅಪಾಯ. ಬೆಳಕು ಬಿಟ್ಟ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಹೂಳೆತ್ತಿದ, ಮಣ್ಣು ತೆಗೆದ ಕೆರೆಗಳಲ್ಲಿ ಆಳವಾದ ಗುಂಡಿಗಳಿರುತ್ತವೆ. ನೀರು ತುಂಬಿದಾಗ ಅವು ಕಾಣುವುದಿಲ್ಲ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಈ ಮಾತು ನೆನಪಿರಲಿ. ಏರಿಯ ಕೆಳಗಿನ ತಗ್ಗು ಜಾಗ, ಕೋಡಿ ಹರಿಯುವ ದಾರಿ, ಕೆರೆಯ ಅಂಗಳ, ಈ ಮೂರರಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ನಿವೇಶನ ಬೇಡ. ಬರಗಾಲದಲ್ಲಿ ಒಣಗಿದಂತೆ ಕಾಣುವ ನೆಲಕ್ಕೆ ನೀರು ತನ್ನ ದಾರಿ ಹುಡುಕಿಕೊಂಡು ಬಂದೇ ಬರುತ್ತದೆ.

ಹತ್ತಿರ ಎಂದರೆ ಎಷ್ಟು ಹತ್ತಿರ?

ಈಗ ಆ ತಾಯಿಯ ಮಾತಿಗೆ ಬರೋಣ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದ ವೃದ್ಧರ ಬದುಕನ್ನು ಮನೆಮನೆಗೆ ಹೋಗಿ ಅಧ್ಯಯನ ಮಾಡಿದ ಡಾ. ಶೆಲ್ಡನ್ 1948ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮಕ್ಕಳು ಹತ್ತಿರದಲ್ಲಿದ್ದಾರೆ ಎನ್ನುವುದಕ್ಕೆ ಅವರು ಹಿಡಿದ ಅಳತೆ ಮೈಲಿಯದಲ್ಲ. ಬಿಸಿ ಊಟವನ್ನು ಆರದಂತೆ ಒಯ್ಯಬಹುದಾದಷ್ಟು ದೂರವೇ ಹತ್ತಿರ ಎಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಿಸಿ ರೊಟ್ಟಿ ಆರದಷ್ಟು ದೂರ.

ಇದು ಬರೀ ಪ್ರೀತಿಯ ಮಾತಲ್ಲ, ವೈದ್ಯಕೀಯದ ಮಾತು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವುದು ದಿನನಿತ್ಯದ ಸಂಗತಿ. ಬಿದ್ದ ಪೆಟ್ಟಿನ ಜೊತೆಗೆ ಯಾರೂ ಬಾರದೆ ತಾಸುಗಟ್ಟಲೆ ನೆಲದ ಮೇಲೆ ಇರುವುದು ಇನ್ನೊಂದು ಪೆಟ್ಟು. ಊರಾಚೆ ಮೂರು ಕಿಲೋಮೀಟರು ದೂರದ ಬಡಾವಣೆಯಲ್ಲಿ, ಅಕ್ಕಪಕ್ಕದ ನಿವೇಶನಗಳು ಇನ್ನೂ ಖಾಲಿಯಿರುವಾಗ, ನಿಮ್ಮ ಕೂಗು ಯಾರಿಗೆ ಕೇಳಬೇಕು? ಮಗಳು ‘ಒಂದೇ ಊರಿನಲ್ಲಿ’ ಇದ್ದಾಳೆ ನಿಜ. ಆದರೆ ಅಳಿಯ ಗಾಡಿ ತೆಗೆದುಕೊಂಡು ಹೋಗಿದ್ದರೆ ಅವಳು ಬರುವುದು ಹೇಗೆ? ಮಾತ್ರೆ ಮರೆತಾಗ ನೆನಪಿಸುವವರು, ಎರಡು ದಿನ ಬಾಗಿಲು ತೆರೆಯದಿದ್ದರೆ ಏಕೆಂದು ಕೇಳುವವರು, ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡುವವರು ಓಣಿಯಲ್ಲಿ ಸಿಗುತ್ತಾರೆ. ಅವರನ್ನು ಕೆರೆಯ ದಂಡೆಯಲ್ಲಿ ಕಟ್ಟಿಸಿಕೊಳ್ಳಲಾಗದು.

ರಾತ್ರಿ ಎರಡು ಗಂಟೆಯ ದಾರಿ

ನಂತರದ ಪ್ರಶ್ನೆ ಆಸ್ಪತ್ರೆಯದು. ಎದೆನೋವು ಬಂದಾಗ ಮೊದಲ ತಾಸು ಬಹಳ ಮುಖ್ಯ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ಉದ್ದೇಶ, ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ನೀವು ನೆಲೆಸುವ ಊರಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ರಾತ್ರಿಯೂ ದೊರೆಯುವುದೇ ಎಂದು ಮೊದಲೇ ವಿಚಾರಿಸಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧ ಕೊಡಲು ನಾಲ್ಕೂವರೆ ತಾಸಿನ ಗಡುವಿದೆ, ಅದಕ್ಕೆ ಮುನ್ನ ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹತ್ತಿರದ ಸ್ಕ್ಯಾನ್ ಎಲ್ಲಿದೆ ಎಂಬುದನ್ನು ಗೋಡೆಯ ಮೇಲೆ ಬರೆದಿಡಿ.

ಐದು ಊರುಗಳೂ ಈ ಲೆಕ್ಕದಲ್ಲಿ ಬೇರೆ ಬೇರೆ. ಕೂಡ್ಲಿಗಿಗೆ ರಾಷ್ಟ್ರೀಯ ಹೆದ್ದಾರಿಯಿದೆ. ಉತ್ತರಕ್ಕೆ ಹೊಸಪೇಟೆ, ದಕ್ಷಿಣಕ್ಕೆ ಚಿತ್ರದುರ್ಗ ನೇರ ದಾರಿ. ಆದರೆ ರೈಲಿಲ್ಲ, ಅಂತರ್ಜಲದ ಪರೀಕ್ಷೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಈಚೆಗೆ ತಾಲೂಕಾದ ಊರು, ಆದ್ದರಿಂದ ಆಸ್ಪತ್ರೆಯಲ್ಲಿ ಯಾವ ತಜ್ಞರಿದ್ದಾರೆಂದು ಹೋಗಿ ನೋಡಬೇಕು. ಹಗರಿಬೊಮ್ಮನಹಳ್ಳಿಗೆ ತುಂಗಭದ್ರೆಯ ಹಿನ್ನೀರೂ ಹೊಸಪೇಟೆಯೂ ಹತ್ತಿರ. ಹೂವಿನ ಹಡಗಲಿಯ ತಾಲೂಕಿನ ಅಂಚಿನಲ್ಲೇ ನದಿಯಿದೆ, ಮಲ್ಲಿಗೆಯ ಕಂಪಿದೆ. ಆದರೆ ರೈಲಿಲ್ಲ, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ನೂರು ಕಿಲೋಮೀಟರಿಗೂ ದೂರ. ಹರಪನಹಳ್ಳಿ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿದರೂ, ದೊಡ್ಡ ಕಾಯಿಲೆಗೆ ಜನ ನಡೆಯುವುದು ಐವತ್ತು ಕಿಲೋಮೀಟರಿನ ಆಸುಪಾಸಿನ ದಾವಣಗೆರೆಗೇ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರೂ ಹೊಸಪೇಟೆ–ಹರಿಹರ ರೈಲು ಮಾರ್ಗದಲ್ಲಿವೆ. ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕಾದ ಮಂಡಿನೋವಿನವರಿಗೆ ಬಸ್ಸಿನ ಮೆಟ್ಟಿಲಿಗಿಂತ ರೈಲಿನ ಸೀಟು ಹಿತ, ಆದರೆ ವೇಳಾಪಟ್ಟಿ ನೋಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದು ರಸ್ತೆ ಮತ್ತು 108 ಮಾತ್ರ.

ಇವುಗಳಲ್ಲಿ ಯಾವ ಊರು ಮೇಲು ಎಂದು ಕೇಳಿದರೆ, ನಿಮ್ಮವರು ಇರುವ ಊರೇ ಮೇಲು ಎನ್ನುತ್ತೇನೆ. ಅಲ್ಲಿಯ ನೀರು ಕೆಟ್ಟದ್ದಿದ್ದರೆ ಶುದ್ಧ ನೀರಿಗೆ ದಾರಿ ಮಾಡಿಕೊಳ್ಳಬಹುದು. ಆಸ್ಪತ್ರೆ ದೂರವಿದ್ದರೆ ಮೊದಲೇ ಏರ್ಪಾಟು ಮಾಡಿಕೊಳ್ಳಬಹುದು. ಮನುಷ್ಯರಿಲ್ಲದಿದ್ದರೆ ಯಾವ ಏರ್ಪಾಟೂ ನಡೆಯುವುದಿಲ್ಲ.

ಕೊನೆಯದಾಗಿ ಒಂದು ಸಲಹೆ. ಜೀವಮಾನದ ಉಳಿತಾಯವನ್ನು ಒಮ್ಮೆಲೇ ಮಣ್ಣಿಗೆ ಹಾಕಬೇಡಿ. ಮಗಳ ಓಣಿಯಲ್ಲೋ ಪಕ್ಕದ ಓಣಿಯಲ್ಲೋ ನೆಲಮಟ್ಟದ ಮನೆಯೊಂದನ್ನು ಒಂದು ವರ್ಷ ಬಾಡಿಗೆಗೆ ಹಿಡಿಯಿರಿ. ಏಪ್ರಿಲ್‌ನ ಬಿಸಿಲು, ಮಳೆಗಾಲದ ಸೊಳ್ಳೆ, ನೀರು ಬಾರದ ದಿನ, ಕರೆಂಟು ಹೋದ ರಾತ್ರಿ ಎಲ್ಲವನ್ನೂ ಕಂಡುಕೊಳ್ಳಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ವರ್ಷ ಕಳೆದ ಮೇಲೂ ಕೆರೆಯ ನಿವೇಶನ ಬೇಕೆನಿಸಿದರೆ ಆಗ ಯೋಚಿಸಿ.

ಆ ದಂಪತಿಗೂ ಇದನ್ನೇ ಹೇಳಿದೆ. ಯಜಮಾನರಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ‘ಹಂಗಾದ್ರ ಕೆರಿ?’ ಎಂದರು. ‘ದಿನಾ ಬೆಳಿಗ್ಗೆ ನಡೆದು ಹೋಗಿ ಬನ್ನಿ ಯಜಮಾನರೇ, ಅದೇ ನಿಮ್ಮ ಔಷಧಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.