ಉದ್ಯಮಿಯ ಹಾದಿಗೆ ಕಾಯಕದ ಅಳತೆಗೋಲು

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಅವಲೋಕಿಸಿದರೆ ಒಂದು ಸಂಗತಿ ಕೂಡಲೇ ಗೋಚರಿಸುತ್ತದೆ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಿದೇವ, ಕದಿರ ರೆಮ್ಮವ್ವೆ: ಇವರೆಲ್ಲರ ವೃತ್ತಿಯೇ ಹೆಸರಿನ ಮೊದಲ ಪದವಾಗಿದೆ. ಹಗ್ಗ ಹೊಸೆದು, ದೋಣಿ ನಡೆಸಿ, ಬುಟ್ಟಿ ಹೆಣೆದು, ಬಟ್ಟೆ ಮಡಿಮಾಡಿ, ನೂಲು ತೆಗೆದು ಬದುಕಿದ ಇವರನ್ನು ಇಂದಿನ ಮಾತಿನಲ್ಲಿ ಸ್ವಯಂ ಉದ್ಯೋಗಿಗಳೆನ್ನಬಹುದು. ಬಸವಣ್ಣನವರಾದರೋ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಸ್ವಂತ ದುಡಿಮೆ, ಒಡೆಯನಲ್ಲಿಯ ದುಡಿಮೆ ಎರಡಕ್ಕೂ ಶರಣರ ಸಮೂಹದಲ್ಲಿ ಸಮಾನ ಮನ್ನಣೆಯಿತ್ತು. ಆದುದರಿಂದ ನೌಕರಿ ಶ್ರೇಷ್ಠವೋ ಉದ್ಯಮ ಶ್ರೇಷ್ಠವೋ ಎಂಬ ಚರ್ಚೆಗೆ ಶರಣ ವಿಚಾರದಲ್ಲಿ ಎಡೆಯಿಲ್ಲ. ಯಾವುದನ್ನು ಹೇಗೆ ಮಾಡಬೇಕು ಎಂಬುದೇ ಅಲ್ಲಿಯ ಪ್ರಶ್ನೆ.

ಈ ಪ್ರಶ್ನೆ ಇಂದು ಅನೇಕ ಸದ್ಭಕ್ತರ ಮನೆಗಳಲ್ಲಿ ಎದ್ದಿದೆ. ಒಳ್ಳೆಯ ಸಂಬಳದ ಕೆಲಸವನ್ನು ಬಿಟ್ಟು ಸ್ವಂತ ಉದ್ಯಮ ಕಟ್ಟುತ್ತೇನೆಂದು ಮಗನೋ ಮಗಳೋ ಹೇಳಿದಾಗ ತಂದೆತಾಯಿಯರು ಕಳವಳಗೊಳ್ಳುತ್ತಾರೆ. ಪ್ರೋತ್ಸಾಹಕ್ಕೇನೂ ಕೊರತೆಯಿಲ್ಲ. ಜಾಮೀನಿಲ್ಲದೆ 10 ಲಕ್ಷ ರೂಪಾಯಿಗಳವರೆಗೆ ಸಾಲ ನೀಡುವ ಮುದ್ರಾ ಯೋಜನೆ 2015ರಲ್ಲಿ ಬಂದಿತು. ಮೊದಲಿನ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಈ ಮಿತಿಯನ್ನು 2024ರಲ್ಲಿ 20 ಲಕ್ಷಕ್ಕೆ ಏರಿಸಲಾಯಿತು. ಆದರೆ ಹಣ ದೊರೆಯುವುದು ಬೇರೆ, ಹಾದಿ ತಿಳಿಯುವುದು ಬೇರೆ.

ಕಾಯಕದ ಮೊದಲ ಅಳತೆ ಅರಿವು. ಗದುಗಿನ ಮುದ್ರಣ ವೃತ್ತಿಯ ಮನೆತನದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾರಿಗೆ ಉದ್ಯಮವನ್ನು ಆರಂಭಿಸಿದರು. 1999ರಲ್ಲಿ ಅವರು ದಿನಪತ್ರಿಕೆ ಹೊರತಂದಾಗ ಮನೆತನದ ಮುದ್ರಣ ಜ್ಞಾನವೂ ಸಾಗಣೆಯ ಅನುಭವವೂ ಒಂದೆಡೆ ಕೂಡಿದವು. ಆಸ್ಟ್ರೇಲಿಯಾದಲ್ಲಿ ಮದ್ಯ ತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದ ಕಿರಣ್ ಮಜುಂದಾರ್ ಅವರಿಗೆ ಹೆಣ್ಣೆಂಬ ಕಾರಣದಿಂದ ಆ ಕ್ಷೇತ್ರದ ಬಾಗಿಲು ಮುಚ್ಚಿತು. ಅವರು 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿ, ಹುದುಗುವಿಕೆಯ ಅದೇ ಅರಿವನ್ನು ಕಿಣ್ವಗಳ ತಯಾರಿಕೆಯತ್ತ ತಿರುಗಿಸಿದರು. ಇಬ್ಬರೂ ಕ್ಷೇತ್ರವನ್ನು ಬದಲಿಸಿದರು, ಕಲಿತದ್ದನ್ನು ಕೈಬಿಡಲಿಲ್ಲ. ನೆರೆಮನೆಯವನ ಏಳಿಗೆಯನ್ನು ಕಂಡು ಕೈಹಾಕಿದ ಉದ್ಯಮಕ್ಕೆ ಈ ಬೇರು ಇರುವುದಿಲ್ಲ.

ಎರಡನೆಯ ಅಳತೆ ಮಿತಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರೆಂದು ಪರಂಪರೆ ತಿಳಿಸುತ್ತದೆ. ಇದನ್ನು ಬಡತನದ ಬೋಧನೆಯೆಂದು ತಿಳಿಯಲಾಗದು. ಅಗತ್ಯವೆಷ್ಟು, ಆಸೆಯೆಷ್ಟು ಎಂದು ಮನೆಯಲ್ಲೇ ಕೇಳಬಲ್ಲ ಒಬ್ಬರಿರಬೇಕೆಂಬುದು ಅದರ ತಿರುಳು. ವೈಯಕ್ತಿಕ ಒಡೆತನದ ವ್ಯವಹಾರದಲ್ಲಿ ಅಂಗಡಿಯ ಸಾಲ ಮನೆಯ ಸಾಲವೇ ಆಗುತ್ತದೆ. ನಿಯಮಿತ ಕಂಪನಿಯಲ್ಲಿ ಹೊಣೆ ಷೇರಿನ ಮೊತ್ತಕ್ಕೆ ಸೀಮಿತವಾದರೂ, ವೈಯಕ್ತಿಕ ಜಾಮೀನು ಪತ್ರಕ್ಕೆ ಸಹಿ ಬಿದ್ದೊಡನೆ ಆ ಸಾಲದ ಮಟ್ಟಿಗೆ ಆ ರಕ್ಷಣೆ ಇಲ್ಲವಾಗುತ್ತದೆ. ಹೊಲದ ಪತ್ರ, ತಾಯಿಯ ಚಿನ್ನ, ಭವಿಷ್ಯ ನಿಧಿಯ ಹಣ ಇವುಗಳಲ್ಲಿ ಯಾವುದನ್ನು ಮುಟ್ಟಬಾರದೆಂಬುದನ್ನು ಉದ್ಯಮ ತೊಡಗುವ ಮುನ್ನವೇ ಮನೆಯವರೆಲ್ಲರೂ ಕುಳಿತು ನಿರ್ಧರಿಸುವುದು ಲೇಸು.

ಮೂರನೆಯ ಅಳತೆ ದಾಸೋಹ. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಪ್ರಸಿದ್ಧ ನುಡಿ ಇಂದು ಅನೇಕ ಕಾರ್ಖಾನೆಗಳ ಗೋಡೆಯ ಮೇಲೆ ರಾರಾಜಿಸುತ್ತಿದೆ. ದುಡಿಯುವವರು ಇನ್ನಷ್ಟು ದುಡಿಯಲೆಂದು ಅದನ್ನು ಬರೆಸಿದ್ದರೆ ಅದು ಶರಣರಿಗೆ ಮಾಡಿದ ಅಪಚಾರ. ಆ ನುಡಿ ಮೊದಲು ಒಡೆಯನನ್ನೇ ಪ್ರಶ್ನಿಸುತ್ತದೆ. ಕಾರ್ಮಿಕರ ಭವಿಷ್ಯ ನಿಧಿಯ ವಂತಿಗೆಯನ್ನು ಮರುತಿಂಗಳ 15ನೆಯ ತಾರೀಖಿನೊಳಗೆ ತುಂಬಬೇಕೆಂಬುದು ಕಾನೂನು. ಸಂಬಳದಿಂದ ಮುರಿದುಕೊಂಡ ಹಣವನ್ನು ತುಂಬದೆ ವ್ಯವಹಾರಕ್ಕೆ ತಿರುಗಿಸಿದವನು ಲಾಭ ಗಳಿಸಿದರೂ ಅದು ಕಾಯಕವಾಗದು. ಕೂಲಿ ಬಾಕಿಯಿರಿಸಿ ಮಠಕ್ಕೆ ಸಲ್ಲಿಸಿದ ಕಾಣಿಕೆ ದಾಸೋಹವಲ್ಲ. ಅದು ದುಡಿದವರ ಪಾಲನ್ನು ತನ್ನ ಹೆಸರಿನಲ್ಲಿ ಕೊಟ್ಟಂತೆ. ದಾಸೋಹ ಆರಂಭವಾಗಬೇಕಾದುದು ಸಂಬಳದ ದಿನದಂದೇ.

ಇಷ್ಟೆಲ್ಲ ಪಾಲಿಸಿದರೂ ಉದ್ಯಮ ಸೋಲಬಹುದು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ಮಳಿಗೆಯನ್ನು ತೆರೆದು, ಚಿಕ್ಕಮಗಳೂರಿನ ಕಾಫಿಯನ್ನು ನಾಡಿನಾದ್ಯಂತ ಪರಿಚಯಿಸಿದ ವಿ. ಜಿ. ಸಿದ್ಧಾರ್ಥರನ್ನು 2019ರ ಜುಲೈನಲ್ಲಿ ನಾಡು ಕಳೆದುಕೊಂಡಿತು. ಆ ಅಂತ್ಯದ ಕಾರಣಗಳನ್ನು ಊಹಿಸುವುದು ಉಚಿತವಲ್ಲ. ಅನಂತರ ನಡೆದುದನ್ನು ಮಾತ್ರ ನೆನೆಯಬೇಕು. 2020ರ ಡಿಸೆಂಬರಿನಲ್ಲಿ ಪತ್ನಿ ಮಾಳವಿಕಾ ಹೆಗ್ಡೆಯವರು ಸಂಸ್ಥೆಯ ಚುಕ್ಕಾಣಿ ಹಿಡಿದರು. ಆಸ್ತಿಗಳು ಮಾರಾಟವಾದವು, ಎಷ್ಟೋ ಮಳಿಗೆಗಳು ಮುಚ್ಚಿದವು, ಸಾವಿರಾರು ಕೋಟಿಯ ಸಾಲದ ಹೊರೆ ಬಹಳಷ್ಟು ಇಳಿಯಿತು. ತೊಡಕುಗಳು ಮುಗಿಯಲಿಲ್ಲವಾದರೂ ಕಾಫಿಯ ಬಟ್ಟಲು ನಿಲ್ಲಲಿಲ್ಲ. ಸಾಲವೆಂಬುದು ಮಾತಿನಿಂದ, ಮಾರಾಟದಿಂದ, ಕಾಲಾವಕಾಶದಿಂದ ಇಳಿಸಬಹುದಾದ ಭಾರ. ಪ್ರಾಣಕ್ಕೆ ಮಾತ್ರ ಬದಲಿಯಿಲ್ಲ.

ಅಂಗಡಿ ಮುಚ್ಚಿ ಮತ್ತೆ ನೌಕರಿಗೆ ಸೇರಿದ ಮಗನನ್ನು ಸೋತವನೆಂದು ಕರೆಯುವ ನೆಂಟರಿಷ್ಟರು ಶರಣರ ಹೆಸರುಗಳನ್ನು ಮತ್ತೊಮ್ಮೆ ಓದಬೇಕು. ಅಲ್ಲಿ ಯಾರ ಹೆಸರಿನ ಮುಂದೆಯೂ ಗಳಿಕೆಯ ಮೊತ್ತವಿಲ್ಲ, ಮಾಡಿದ ಕೆಲಸವಷ್ಟೇ ಇದೆ. ಬಾಗಿಲು ಮುಚ್ಚುವಾಗಲೂ ಕೆಲಸಗಾರರ ಬಾಕಿ ತೀರಿಸಿ, ಕೊಟ್ಟವರಿಗೆ ಮುಖ ತೋರಿಸಿ, ಲೆಕ್ಕವನ್ನು ತೆರೆದಿಟ್ಟವನ ಕಾಯಕಕ್ಕೆ ಊನ ಬಂದಿಲ್ಲ. ಅಂಥವನು ಮನೆಗೆ ಮರಳಿದಾಗ ಊಟಕ್ಕೆ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದೂ ಒಂದು ದಾಸೋಹವೇ.