ಮೈಗ್ರೇನ್‌ಗೆ ಟ್ರಿಪ್ಟಾನ್: ಒಬ್ಬರಿಗೆ ಹಿಡಿಸಿದ ಮಾತ್ರೆ ಎಲ್ಲರಿಗೂ ಆಗುತ್ತದೆಯೇ?

'ಇದೊಂದು ಮಾತ್ರೆ ಸಾಕು, ಎಂಥ ತಲೆನೋವೂ ಹೋಗುತ್ತದೆ' ಎಂದು ಮಾತ್ರೆಯ ಫೋಟೊ ಕಳಿಸುವುದು ಸುಲಭ. ಆ ಮಾತ್ರೆ ಸುಮಾಟ್ರಿಪ್ಟಾನ್ ಅಥವಾ ರಿಜಾಟ್ರಿಪ್ಟಾನ್ ಆಗಿದ್ದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಚಿಕ್ಕೋಡಿ, ರಾಯಬಾಗ ಕಡೆ ಅರೆತಲೆನೋವು, ಮರಾಠಿ ಮಾತಾಡುವ ಮನೆಗಳಲ್ಲಿ ಅರ್ಧಶಿಶಿ ಎನ್ನುವ ಮೈಗ್ರೇನ್ ಅಪರೂಪದ್ದಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ಜನರ ಸಮೀಕ್ಷೆಯ ವರದಿಯನ್ನು ನಿಮ್ಹಾನ್ಸ್ ಸಂಶೋಧಕರೂ ಇದ್ದ ತಂಡ 2015ರಲ್ಲಿ ಪ್ರಕಟಿಸಿತು. ಒಂದು ವರ್ಷದಲ್ಲಿ ಮೈಗ್ರೇನ್ ಕಾಡಿದವರು ಶೇ 25.2ರಷ್ಟಿದ್ದರು.

ಈ ಮಾತ್ರೆ ಏನು ಮಾಡುತ್ತದೆ?

ಟ್ರಿಪ್ಟಾನ್ ಸಾಮಾನ್ಯ ನೋವಿನ ಮಾತ್ರೆಯಲ್ಲ. ಅದು ತಲೆಯ ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ನೋವಿನ ಸಂದೇಶ ಹೊರುವ ರಾಸಾಯನಿಕಗಳನ್ನು ತಡೆಯುತ್ತದೆ. ನೋವು ಶುರುವಾದ ಕೂಡಲೇ ತೆಗೆದುಕೊಂಡರೆ ಹಲವರಿಗೆ ಒಳ್ಳೆಯ ಪರಿಹಾರ. ಆದರೆ ಹೃದಯದ ರಕ್ತನಾಳವೂ ಸ್ವಲ್ಪ ಕುಗ್ಗಬಹುದು. ಅಪಾಯ ಇರುವುದು ಇಲ್ಲೇ.

ಯಾರಿಗೆ ಬೇಡ?

ಹೃದಯಾಘಾತ, ಎದೆನೋವಿನ ಕಾಯಿಲೆ ಅಥವಾ ಲಕ್ವ ಆದವರು, ಹತೋಟಿಗೆ ಬಾರದ ಬಿಪಿ ಇರುವವರು ಇದನ್ನು ತೆಗೆದುಕೊಳ್ಳಬಾರದು. ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಗೊತ್ತಿಲ್ಲದೆಯೇ ಹೃದಯದ ತೊಂದರೆ ಇರಬಹುದು. ಇಂಥವರನ್ನು ವೈದ್ಯರು ಮೊದಲು ಪರೀಕ್ಷಿಸಬೇಕು. ಗರ್ಭಿಣಿಯರೂ ಕೇಳದೆ ನುಂಗಬಾರದು.

ಎರಡು ಊರು, ಎರಡು ಚೀಟಿ

ಅಥಣಿ, ಕಾಗವಾಡದವರು ಮಿರಜಕ್ಕೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಆಸ್ಪತ್ರೆಗೆ ಹೋಗುವುದು ಸಾಮಾನ್ಯ. ಅಲ್ಲಿ ಬರೆದ ಮಾತ್ರೆ ಇಲ್ಲಿಯ ವೈದ್ಯರಿಗೆ ತಿಳಿಯದೇ ಹೋಗಬಹುದು. ವ್ಯಾಸೋಗ್ರೇನ್‌ನಂಥ ಮಾತ್ರೆಗಳಲ್ಲಿರುವ ಎರ್ಗೊಟಮಿನ್ ಕೂಡ ರಕ್ತನಾಳ ಕುಗ್ಗಿಸುತ್ತದೆ. ಇದಕ್ಕೂ ಟ್ರಿಪ್ಟಾನ್‌ಗೂ ನಡುವೆ ಕನಿಷ್ಠ 24 ಗಂಟೆ ಅಂತರ ಬೇಕು. ಮೈಗ್ರೇನ್ ಬಾರದಂತೆ ಕೊಡುವ ಪ್ರೊಪ್ರಾನೊಲಾಲ್ ತೆಗೆದುಕೊಂಡರೆ ರಕ್ತದಲ್ಲಿ ರಿಜಾಟ್ರಿಪ್ಟಾನ್ ಪ್ರಮಾಣ ಏರುತ್ತದೆ, ಡೋಸ್ ಇಳಿಸಬೇಕಾಗುತ್ತದೆ. ಖಿನ್ನತೆಗೆ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ. ಎಲ್ಲ ಚೀಟಿಗಳನ್ನೂ, ಖಾಲಿಯಾದ ಮಾತ್ರೆ ಶೀಟುಗಳನ್ನೂ ಜೊತೆಗೆ ಒಯ್ಯಿರಿ.

ತೆಗೆದುಕೊಳ್ಳುವುದು ಹೇಗೆ?

ಮೊದಲ ಮಾತ್ರೆಗೆ ನೋವು ಇಳಿಯದಿದ್ದರೆ ಅದೇ ನೋವಿಗೆ ಮತ್ತೊಂದು ನುಂಗಬೇಡಿ. ಇಳಿದು ಮರಳಿ ಬಂದರೆ ಕನಿಷ್ಠ 2 ಗಂಟೆ ಬಿಟ್ಟು, ವೈದ್ಯರು ಹೇಳಿದ ಮಿತಿಯೊಳಗೆ ಮಾತ್ರ ಇನ್ನೊಂದು. ತಲೆನೋವು ಬಾರದಿರಲಿ ಎಂದು ದಿನಾ ನುಂಗುವುದು ತಪ್ಪು. ತಿಂಗಳಿಗೆ 10 ದಿನ ಅಥವಾ ಹೆಚ್ಚು ತೆಗೆದುಕೊಳ್ಳುತ್ತ ಹೋದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ತಡ ಮಾಡಬಾರದ್ದು ಯಾವಾಗ?

ಒಮ್ಮೆಲೇ ಸಿಡಿಲು ಬಡಿದಂಥ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಡನೆ ಕುತ್ತಿಗೆ ಬಿಗಿತ ಕಂಡರೆ ಅದನ್ನು ಮೈಗ್ರೇನ್ ಎಂದುಕೊಂಡು ಮನೆಯಲ್ಲಿ ಕೂರಬೇಡಿ. ಮಾತ್ರೆ ನುಂಗಿದ ಮೇಲೆ ಎದೆ ಬಿಗಿದರೂ ಆಸ್ಪತ್ರೆಗೆ ಹೋಗಿ. ಗಡಿಯ ಎರಡೂ ಕಡೆ ಆಂಬುಲೆನ್ಸ್ ಸಂಖ್ಯೆ 108.

ನಮ್ಮ ತೀರ್ಮಾನ: ಟ್ರಿಪ್ಟಾನ್ ಒಳ್ಳೆಯ ಔಷಧ. ಆದರೆ ಅದು ನಿಮಗೆ ಆಗುತ್ತದೆಯೇ ಎಂಬುದನ್ನು ಹೇಳಬೇಕಾದವರು ನಿಮ್ಮ ಬಿಪಿ, ಹೃದಯ ನೋಡಿದ ವೈದ್ಯರು. ಮಾತ್ರೆಯ ಫೋಟೊ ಬದಲು ಈ ಎಚ್ಚರಿಕೆಗಳನ್ನು ಹಂಚಿಕೊಳ್ಳಿ.