ಕಚೇರಿಯ ಗಂಟೆ, ಶಾಲೆಯ ಗಂಟೆ

ನಾಲ್ಕನೆಯ ಇಯತ್ತೆಯವರೆಗಿನ ತರಗತಿಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಆರಂಭಿಸಬಾರದೆಂದು ಮಹಾರಾಷ್ಟ್ರ ಸರಕಾರವು 2024ರ ಫೆಬ್ರವರಿಯಲ್ಲಿ ವಿಧಿಸಿತು. ಎಳೆಯ ಮಕ್ಕಳಿಗೆ ನಿದ್ದೆ ಸಾಲದೆಂಬ ಕಾರಣವು ಆಕ್ಷೇಪಿಸತಕ್ಕದ್ದಲ್ಲ. ಆದರೆ ನಸುಕಿನ ನಿರ್ಜನ ರಸ್ತೆಯಲ್ಲಿ ಸಾಗುತ್ತಿದ್ದ ಶಾಲೆಯ ಬಸ್ಸು ಎಂಟೂವರೆಗೆ ಹೊರಟಾಗ ಅದಕ್ಕೆ ಎದುರಾಗುವವರು ಯಾರು? ಕಚೇರಿಗೆ ಧಾವಿಸುವ ಇಡೀ ಮುಂಬಯಿಯೇ ಅಲ್ಲವೆ? ಶಾಲೆಯ ಗಂಟೆ ಮುಂದೆ ಸರಿಯಿತು. ಕಚೇರಿಯ ಗಂಟೆ ಇದ್ದಲ್ಲಿಯೇ ಉಳಿಯಿತು. ಮಗುವನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ನಿಲ್ದಾಣಕ್ಕೆ ಓಡುವ ತಾಯಿಯ ಪಾಡು ಈ ಎರಡರ ನಡುವೆ ಸಿಕ್ಕಿಕೊಂಡಿದೆ. ನಗರದಲ್ಲಿ ಕನ್ನಡ ಶಾಲೆಗಳು ವಿರಳವಾಗುತ್ತ ಬಂದಂತೆ, ಮಕ್ಕಳನ್ನು ಕನ್ನಡದಲ್ಲಿಯೇ ಓದಿಸಬೇಕೆಂದಿರುವ ನಮ್ಮವರಿಗೆ ಈ ದಾರಿ ಇನ್ನಷ್ಟು ಉದ್ದವಾಗಿದೆ.

ಲೋಕಲ್ ಗಾಡಿಯ ಸಂಮರ್ದವನ್ನು ನಮ್ಮ ವಾಚಕರಿಗೆ ವರ್ಣಿಸುವ ಅಗತ್ಯವಿಲ್ಲ. ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಲ್ಲುವ ಸ್ಥಿತಿಗೆ ರೈಲ್ವೆಯವರು ಒಂದು ಪ್ರತ್ಯೇಕ ಹೆಸರನ್ನೇ ಇಟ್ಟಿರುವರೆಂದರೆ ಸಾಕು. ಹೆಸರಿಟ್ಟ ಮೇಲೆ ರೋಗವು ವಾಸಿಯಾದಂತೆ ಅನೇಕರು ಸುಮ್ಮನಿರುವರು. 2025ರ ಜೂನ್ 9ರ ಸೋಮವಾರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಸಾಗಿದ ಎರಡು ಗಾಡಿಗಳ ಬಾಗಿಲುಗಳಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಉರುಳಿದರು. ನಾಲ್ವರು ಅಂದೇ ಅಸುನೀಗಿದರು. ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳು ಬರುವುವೆಂದು ಆ ಬಳಿಕ ಸಾರಲಾಯಿತು. ಬರಲಿ. ಆದರೆ ಬಾಗಿಲು ಮುಚ್ಚಿದ ಗಾಡಿಯು ಹೊರಗೆ ಉಳಿದವರನ್ನು ಹತ್ತು ಗಂಟೆಯೊಳಗೆ ಕಚೇರಿಗೆ ತಲುಪಿಸಲಾರದು.

ಹೊಸ ಹಳಿಗಳು ಬೇಕೇ ಬೇಕು. ಅವು ಬರುವ ವೇಗವಾದರೋ ನಾವು ಕಂಡಿದ್ದೇವೆ: ಠಾಣೆ ಮತ್ತು ದಿವಾ ನಡುವಿನ ಐದನೆಯ, ಆರನೆಯ ಹಳಿಗಳಿಗೆ 2008ರಲ್ಲಿ ಶಿಲಾನ್ಯಾಸವಾಗಿ, ಅವು ಬಳಕೆಗೆ ಬಂದುದು 2022ರಲ್ಲಿ. ಶಿಲಾನ್ಯಾಸದ ದಿನ ಒಂದನೆಯ ಇಯತ್ತೆಗೆ ಸೇರಿದ ಮಗು ಅಷ್ಟರಲ್ಲಿ ಕಾಲೇಜು ಸೇರಿತ್ತು.

ಹಳಿಗೆ ಹಣ ಬೇಕು, ನೆಲ ಬೇಕು. ಗಡಿಯಾರದ ಮುಳ್ಳಿಗೆ ಇವೆರಡೂ ಬೇಡ. ಮಧ್ಯ ರೈಲ್ವೆಯವರು 2023ರ ನವೆಂಬರಿನಿಂದ ಮುಂಬಯಿಯ ತಮ್ಮ ಕಚೇರಿಯಲ್ಲಿಯೇ ಒಂದು ತಂಡಕ್ಕೆ ಒಂಬತ್ತೂವರೆ, ಇನ್ನೊಂದಕ್ಕೆ ಹನ್ನೊಂದೂವರೆ ಎಂದು ವೇಳೆಯನ್ನು ವಿಂಗಡಿಸಿ, ಹಾಗೆಯೇ ಮಾಡಿರೆಂದು ನೂರಾರು ಸಂಸ್ಥೆಗಳಿಗೆ ಬರೆದರು. ಒಪ್ಪಿದವು ಕೆಲವೇ. ಗಿರಾಕಿಗಳು ಹತ್ತಕ್ಕೇ ಬರುವರು, ಇತರ ಕಚೇರಿಗಳೊಡನೆ ವ್ಯವಹಾರ ಕೆಡುವುದು ಎಂಬ ಸಬೂಬುಗಳು ಉಳಿದವರಲ್ಲಿವೆ. ಎಲ್ಲರೂ ಒಂದು ಮೇಜಿನ ಸುತ್ತ ಕುಳಿತು ಕೆಲಸ ಮಾಡಬೇಕಾದ ವೇಳೆ ದಿನಕ್ಕೆ ನಾಲ್ಕೈದು ತಾಸು ಮಾತ್ರ. ಅದನ್ನು ನಡುವೆ ಇಟ್ಟುಕೊಂಡು ತುದಿಗಳನ್ನು ಸಡಿಲಿಸಲು ಅಡ್ಡಿಯೇನು? 2020ರ ಮಹಾಮಾರಿಯಲ್ಲಿ ತಿಂಗಳುಗಟ್ಟಲೆ ಮನೆಯಿಂದಲೇ ಕೆಲಸ ನಡೆಸಿದವರು ಅರ್ಧ ತಾಸಿನ ವ್ಯತ್ಯಾಸಕ್ಕೆ ಅಂಜುವುದು ವಿಚಿತ್ರ.

ಆ ಕಾಲದ ಇನ್ನೊಂದು ಪಾಠವನ್ನು ಮರೆಯಲಾಗದು. 2021ರ ಫೆಬ್ರವರಿ 1ರಿಂದ ಲೋಕಲ್ ಗಾಡಿಗಳನ್ನು ಸಾರ್ವಜನಿಕರಿಗೆ ತೆರೆದಾಗ ಬೆಳಿಗ್ಗೆ ಏಳರವರೆಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ರಾತ್ರಿ ಒಂಬತ್ತರ ನಂತರ ಮಾತ್ರ ಪ್ರಯಾಣಿಸಬಹುದೆಂದು ಗೊತ್ತುಪಡಿಸಲಾಗಿತ್ತು. ಪ್ರಯಾಣಿಕನಿಗೆ ವೇಳೆ ವಿಧಿಸಿದರು, ಅವನ ಕಚೇರಿಗೆ ವಿಧಿಸಲಿಲ್ಲ. ಹತ್ತಕ್ಕೆ ಹಾಜರಿರಬೇಕಾದವನು ಹನ್ನೆರಡರ ಗಾಡಿಯನ್ನು ತೆಗೆದುಕೊಂಡು ಮಾಡುವುದೇನು? ಡೊಂಬಿವಿಲಿಯ ಗುಮಾಸ್ತನು ಬಾಗಿಲಿಗೆ ಜೋತುಬೀಳುವುದು ಸಾಹಸಪ್ರಿಯತೆಯಿಂದಲ್ಲ. ತಡವಾದುದಕ್ಕೆ ಅರ್ಧ ದಿನದ ಸಂಬಳ ಕತ್ತರಿಸುವ ಹಾಜರಿ ಯಂತ್ರದ ಭಯದಿಂದ. ಆ ಯಂತ್ರವನ್ನು ತಿದ್ದದೆ ನಿಲ್ದಾಣದಲ್ಲಿ ಉಪದೇಶದ ಫಲಕ ತೂಗಹಾಕುವುದು ವ್ಯರ್ಥವೆಂದು ನಾವು ಭಾವಿಸುತ್ತೇವೆ. (ನಮ್ಮ ಸಂಘ ಸಂಸ್ಥೆಗಳ ಸಭೆಗಳು ತಡವಾಗುವುದಕ್ಕೂ ಲೋಕಲ್ ಗಾಡಿಯನ್ನೇ ದೂರುವುದುಂಟು, ಅದರಲ್ಲಿ ಗಾಡಿಯ ಪಾಲೆಷ್ಟೆಂಬ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ.)

ಮೊದಲ ಹೆಜ್ಜೆಯನ್ನು ಸರಕಾರವೇ ಇಡಬೇಕು. ಐದು ದಿನಗಳ ವಾರವನ್ನು ತಂದಾಗ, 2020ರಲ್ಲಿ, ಮುಂಬಯಿಯ ತನ್ನ ಕಚೇರಿಗಳಿಗೆ ಒಂಬತ್ತು ಮುಕ್ಕಾಲು ಗಂಟೆಯನ್ನು ಗೊತ್ತುಮಾಡಿದ ಸರಕಾರಕ್ಕೆ, ಖಾತೆ ಖಾತೆಗೆ ಬೇರೆ ಬೇರೆ ವೇಳೆ ಗೊತ್ತುಮಾಡುವುದು ಅಸಾಧ್ಯವಲ್ಲ. ನರಿಮನ್ ಪಾಯಿಂಟು, ಬಾಂದ್ರಾ-ಕುರ್ಲಾ ಸಂಕೀರ್ಣಗಳಂಥ ಕಡೆಗಳಲ್ಲಿ ನೆರೆಹೊರೆಯ ಸಂಸ್ಥೆಗಳು ಕೂಡಿ ಎಂಟೂವರೆ, ಒಂಬತ್ತೂವರೆ, ಹತ್ತೂವರೆ, ಹನ್ನೊಂದೂವರೆ ಎಂದು ಸರದಿ ಹಂಚಿಕೊಳ್ಳಬೇಕು. ಯಾವ ಸರದಿ ಬೇಕೆಂಬ ಆಯ್ಕೆಯನ್ನು ಚಿಕ್ಕ ಮಕ್ಕಳುಳ್ಳವರಿಗೆ ಮೊದಲು ಕೊಡಬೇಕು. ಒಂಬತ್ತರ ಶಾಲೆಗೆ ಮಗುವನ್ನು ಬಿಟ್ಟವರು ಹತ್ತೂವರೆಗೆ ಬರುವುದೇ ನ್ಯಾಯ. ಸಂಜೆ ತಡವಾಗಿ ಮರಳುವ ಮಹಿಳೆಯರಿಗೆ ಗಾಡಿಗಳ ಸಂಖ್ಯೆಯನ್ನೂ ಕಾವಲನ್ನೂ ಹೆಚ್ಚಿಸದೆ ಈ ಏರ್ಪಾಡು ನಿಲ್ಲದು.

ಬ್ಯಾಂಕುಗಳಲ್ಲಿ, ವ್ಯಾಪಾರೀ ಸಂಸ್ಥೆಗಳಲ್ಲಿ ವೇಳಾಪಟ್ಟಿಗೆ ಸಹಿ ಹಾಕುವ ಸ್ಥಾನದಲ್ಲಿರುವ ಕನ್ನಡಿಗರು ಈ ನಗರದಲ್ಲಿ ಕಡಿಮೆಯಿಲ್ಲ. ಮೇಲಿನಿಂದ ಆಜ್ಞೆ ಬರಲೆಂದು ಕಾಯದೆ, ಬರುವ ಜೂನಿನಲ್ಲಿ ಶಾಲೆಗಳು ತೆರೆಯುವ ಮುನ್ನವೇ ತಂತಮ್ಮ ಕಚೇರಿಯಲ್ಲಿ ಇದನ್ನು ಮೂರು ತಿಂಗಳ ಮಟ್ಟಿಗಾದರೂ ಪರೀಕ್ಷಿಸಿ ನೋಡುವರೆಂದು ನಾವು ಆಶಿಸುತ್ತೇವೆ.